ಪೆಟ್ಟಿಗೆ, ಭಂಡಾರ, ಹೊರೆ: ಕನ್ಯಾನದ ಸುತ್ತಣ ಸಂಚಾರಿ ಕಲೆಗಳ ಸಾಮಗ್ರಿ ಸಾಗಾಟದ ಚರಿತ್ರೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ದಕ್ಷಿಣದಂಚಿನಲ್ಲಿ, ವಿಟ್ಲ ಪೇಟೆಗೂ ಕಾಸರಗೋಡು ಜಿಲ್ಲೆಯ ಗಡಿಗೂ ನಡುವೆ ಇರುವ ಕನ್ಯಾನ, ಮುರಕಲ್ಲಿನ ಗುಡ್ಡಗಳೂ ಅವುಗಳ ಸಂದಿಯಲ್ಲಿ ಇಳಿಯುವ ಗದ್ದೆ ತೋಟಗಳೂ ಸೇರಿ ಆದ ಊರು. ತುಳುನಾಡಿನ ಬಹುಪಾಲು ಊರುಗಳಂತೆ ಇಲ್ಲಿಯೂ ಮನೆಗಳು ಒತ್ತೊತ್ತಾಗಿ ಕೇರಿ ಕಟ್ಟಿಕೊಳ್ಳದೆ, ತಮ್ಮ ತಮ್ಮ ಗದ್ದೆಯ ಬದಿಗೆ ಒಂಟಿಯಾಗಿ ಹರಡಿಕೊಂಡಿವೆ. ಜನರನ್ನು ಒಂದೆಡೆ ಕಲೆಹಾಕುವುದು ಸುಲಭವಲ್ಲದ ಇಂತಹ ನೆಲದಲ್ಲಿ, ಹಾಡು, ವಾದ್ಯ, ಕುಣಿತಗಳನ್ನು ವೃತ್ತಿಯಾಗಿಯೋ ಕಟ್ಟಳೆಯಾಗಿಯೋ ನಡೆಸಿಕೊಂಡು ಬಂದವರು ತಾವೇ ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಹೋಗಬೇಕಾಯಿತು. ಹೋಗುವಾಗ ತಮ್ಮ ವಾದ್ಯ, ವೇಷ, ಬಣ್ಣ, ದೀಪಗಳನ್ನೂ ಒಯ್ಯಬೇಕಾಯಿತು. ಆ ಒಯ್ಯುವಿಕೆಯ ಚರಿತ್ರೆ, ಅಂದರೆ ಯಾವುದನ್ನು ಹೊತ್ತರು, ಯಾವುದನ್ನು ಹೋದಲ್ಲಿ ಕೇಳಿ ಪಡೆದರು, ಯಾವುದನ್ನು ಆಯಾ ರಾತ್ರಿ ಹೊಸದಾಗಿ ಕಟ್ಟಿದರು ಎಂಬುದು, ಕಲೆಯ ಕುರಿತಾದ ಬರವಣಿಗೆಯಲ್ಲಿ ಪ್ರಸಂಗ, ತಾಳ, ವೇಷಗಳಿಗೆ ಸಿಕ್ಕಷ್ಟು ಗಮನವನ್ನು ಪಡೆದಿಲ್ಲ.

ಈ ಪ್ರದೇಶದ ಮೂರು ಸಂಚಾರಿ ಪದ್ಧತಿಗಳಾದ ಆಟಿ ಕಳೆಂಜ, ಭೂತಾರಾಧನೆ ಮತ್ತು ಯಕ್ಷಗಾನ ಮೇಳಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮೂರರಲ್ಲಿಯೂ ಸಾಮಗ್ರಿಗಳು ಒಂದೇ ಬಗೆಯ ವಿಂಗಡಣೆಗೆ ಒಳಗಾಗಿರುವುದು ಕಾಣುತ್ತದೆ. ಪವಿತ್ರವಾದುದೂ ಬೆಲೆಬಾಳುವುದೂ ಪೆಟ್ಟಿಗೆಯಲ್ಲಿ ಅಥವಾ ಗೊತ್ತಾದವರ ಕೈಯಲ್ಲಿ ಸಾಗುತ್ತದೆ. ಭಾರವಾದುದನ್ನೂ ಊರೂರಿನಲ್ಲಿ ಸಿಗುವುದನ್ನೂ ಕರೆಸಿಕೊಂಡ ಮನೆಯವರು ಒದಗಿಸುತ್ತಾರೆ. ಬಾಡಿ ಹೋಗುವಂಥದು ಆಯಾ ರಾತ್ರಿ ಹುಟ್ಟಿ ಆಯಾ ರಾತ್ರಿಯೇ ಮುಗಿಯುತ್ತದೆ. ಈ ವಿಂಗಡಣೆಗೆ ಮೊದಲ ಕಾರಣ ತಲೆಹೊರೆಯ ಮಿತಿಯೇ ಆಗಿದ್ದರೂ, ಅದರ ಪರಿಣಾಮ ಅಲ್ಲಿಗೆ ನಿಲ್ಲಲಿಲ್ಲ. ಕರೆಸಿದ ಮನೆಯನ್ನು ಅದು ನೋಡುವವರ ಸ್ಥಾನದಿಂದ ನಡೆಸುವವರ ಸ್ಥಾನಕ್ಕೆ ತಂದಿತು, ಮತ್ತು ಹರಕೆಯೆಂಬ ಕಲ್ಪನೆಗೆ ಕೈಯಿಂದ ಮುಟ್ಟಬಹುದಾದ ರೂಪ ಕೊಟ್ಟಿತು.

ಕಾಯಿಲೆ, ಹರಕೆ, ಹಾಡು

ಹಾಡು ಮತ್ತು ವಾದ್ಯವನ್ನು ಗುಣಪಡಿಸುವ ಸಾಧನವೆಂದು ಬಗೆದು, ಅದಕ್ಕೆ ತರಬೇತಿ ಪಡೆದವರು ರೋಗಿಗಳಿದ್ದಲ್ಲಿಗೆ ಹೋಗಿ ನಡೆಸುವ ಸಂಗೀತ ಚಿಕಿತ್ಸೆ ಎಂಬ ವೃತ್ತಿ, ಇಂದಿನ ಅರ್ಥದಲ್ಲಿ, 20ನೇ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. 1944ರಲ್ಲಿ ಮಿಶಿಗನ್‌ನ ಕಾಲೇಜೊಂದರಲ್ಲಿ ಅದರ ಪಠ್ಯಕ್ರಮ ಆರಂಭವಾಯಿತು, 1950ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ತುಳುನಾಡಿನ ಪದ್ಧತಿಗಳನ್ನು ಆ ಹೆಸರಿನಿಂದ ಕರೆಯುವುದು ಸರಿಯಾಗಲಾರದು, ಏಕೆಂದರೆ ಇಲ್ಲಿ ಹಾಡು ತಾನಾಗಿಯೇ ಗುಣಪಡಿಸುತ್ತದೆ ಎಂಬ ನಂಬಿಕೆಯಿಲ್ಲ. ಗುಣಪಡಿಸುವುದು ದೈವ ಅಥವಾ ದೇವರು, ಹಾಡು ಮತ್ತು ವಾದ್ಯ ಆ ಶಕ್ತಿಯನ್ನು ಮನೆಯಂಗಳಕ್ಕೆ ಕರೆತರುವ ದಾರಿ. ಆದರೂ ಕಾಯಿಲೆಯವರಿದ್ದ ಮನೆಗೆ ಹಾಡುವವರೂ ಬಾರಿಸುವವರೂ ತಮ್ಮ ಸಾಮಗ್ರಿ ಹೊತ್ತು ಬರುತ್ತಿದ್ದರೆಂಬುದು ನಿಜ.

ಮನೆಯಲ್ಲಿ ಕಾಯಿಲೆ ಬಿಡದೆ ಕಾಡಿದಾಗ, ಮಕ್ಕಳಾಗದಿದ್ದಾಗ, ಹಟ್ಟಿಯ ದನ ಸತ್ತಾಗ ಬಲಿಮೆ ಕೇಳುವುದು, ಅಂದರೆ ಕವಡೆಯ ಮೂಲಕ ಜ್ಯೋತಿಷಿಯಲ್ಲಿ ಪ್ರಶ್ನೆ ಇರಿಸುವುದು, ಇಲ್ಲಿನ ರೂಢಿ. ಪ್ರಶ್ನೆಯಲ್ಲಿ ಕಂಡುದಕ್ಕೆ ತಕ್ಕಂತೆ ದೈವಕ್ಕೆ ನೇಮ, ನಾಗನಿಗೆ ಆಶ್ಲೇಷಾ ಬಲಿ, ಕಟೀಲಿನ ದೇವಿಗೆ ಯಕ್ಷಗಾನ ಬಯಲಾಟ ಎಂದು ಹರಕೆ ಹೇಳಿಕೊಳ್ಳುತ್ತಾರೆ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟ ಗ್ರಾಮದಲ್ಲಿ ನಡೆಸಿ 1976ರಲ್ಲಿ ಪುಸ್ತಕವಾಗಿ ತಂದ ಅಧ್ಯಯನವು, ಮಾನಸಿಕ ಕಷ್ಟದಲ್ಲಿದ್ದ ಹಳ್ಳಿಗರು ವೈದ್ಯ, ಮಂತ್ರವಾದಿ ಮತ್ತು ಪಾತ್ರಿ ಎಂಬ ಮೂರು ಬಗೆಯ ಪರಿಹಾರಕರ ಬಳಿಗೆ ಹೋಗುತ್ತಿದ್ದುದನ್ನು ವಿವರಿಸುತ್ತದೆ. ಪಾತ್ರಿಯೆಂದರೆ ದೈವದ ಆವೇಶಕ್ಕೆ ಒಳಗಾಗಿ ಅದರ ಮಾತನ್ನು ನುಡಿಯುವವನು. ಕೋಟ ಕನ್ಯಾನದಿಂದ ಉತ್ತರಕ್ಕೆ ದೂರವಿದ್ದರೂ, ಪರಿಹಾರವನ್ನು ಒಂದೇ ಬಾಗಿಲಲ್ಲಿ ಹುಡುಕದ ಈ ಮನೋಭಾವ ಕರಾವಳಿಯುದ್ದಕ್ಕೂ ಒಂದೇ ತೆರನಾದುದು.

ಆಟಿ ಕಳೆಂಜ: ಕೈಯಲ್ಲಿ ಹಿಡಿಯುವಷ್ಟು

ಸಾಮಗ್ರಿಯ ದೃಷ್ಟಿಯಿಂದ ಅತ್ಯಂತ ಹಗುರವಾದುದು ಆಟಿ ಕಳೆಂಜ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ, ತುಳುವರ ಸೌರಮಾನ ತಿಂಗಳು. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಅದು ಮಳೆ ಹಿಡಿದು ಕೂರುವ ಕಾಲ, ಹಿಂದೆ ಕಣಜ ಬರಿದಾಗಿ ಜ್ವರ, ಹೊಟ್ಟೆನೋವು, ದನಗಳ ರೋಗ ಹೆಚ್ಚುತ್ತಿದ್ದ ಕಾಲ. ಆ ತಿಂಗಳಲ್ಲಿ ನಲಿಕೆ ಸಮುದಾಯದವರು ಕಳೆಂಜನ ವೇಷ ಧರಿಸಿ ಮನೆಮನೆಗೆ ಬಂದು, ಅಂಗಳದಲ್ಲಿ ಕುಣಿದು, ಊರಿಗೆ ತಗುಲಿದ ಮಾರಿಯನ್ನು ಕಳೆದು ಹೋಗುತ್ತಾರೆ ಎಂಬುದು ನಂಬಿಕೆ. ಗಡಿಯಾಚೆ ಕಾಸರಗೋಡಿನ ಕಡೆಯಲ್ಲಿಯೂ ಕರ್ಕಾಟಕ ಮಾಸದಲ್ಲಿ ಆಡಿ, ವೇಡನ್, ಗಳಿಂಜನ್ ಎಂಬ ವೇಷಗಳು ಇದೇ ಉದ್ದೇಶದಿಂದ ಮನೆಮನೆಗೆ ಬರುತ್ತವೆ.

ಮಳೆಯಲ್ಲಿ, ಕೆಸರಿನ ಗದ್ದೆಹುಣಿಯ ಮೇಲೆ, ತುಂಬಿದ ತೋಡುಗಳನ್ನು ಅಡಿಕೆ ಮರದ ಸಂಕದ ಮೇಲೆ ದಾಟಿಕೊಂಡು ಹೋಗಬೇಕಾದವರು ಪೆಟ್ಟಿಗೆ ಹೊರಲಾರರು. ಕಳೆಂಜನ ಸಾಮಗ್ರಿ ರೂಪುಗೊಂಡಿರುವುದೇ ಈ ಕಷ್ಟಕ್ಕೆ ತಕ್ಕಂತೆ. ಉಡುಗೆ ತೆಂಗಿನ ಎಳೆಗರಿಯದು, ತಲೆಯ ಮೇಲಿನದು ಅಡಿಕೆಯ ಹಾಳೆಯದು, ಹಿಡಿದು ತಿರುಗಿಸುವ ಕೊಡೆ ಓಲೆಯದು. ಇವೆಲ್ಲ ಮಳೆಗೆ ಹೆದರದ, ಮನೆಯ ಹಿತ್ತಿಲಲ್ಲೇ ಸಿಗುವ ವಸ್ತುಗಳು. ಕೊಡೆ ವೇಷದ ಅಂಗವೂ ಹೌದು, ದಾರಿಯ ರಕ್ಷಣೆಯೂ ಹೌದು. ನಿಜವಾಗಿ ಕಾಪಾಡಿಕೊಳ್ಳಬೇಕಾದದ್ದು ಕಾಲಿನ ಗೆಜ್ಜೆ ಮತ್ತು ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಮಾತ್ರ. ತೇವದಲ್ಲಿ ಸಡಿಲವಾಗುವ ತೆಂಬರೆಯ ಚರ್ಮ ಬೆಂಕಿಯ ಬಿಸಿಗೆ ಬಿಗಿಯಾಗುತ್ತದೆ; ಮಳೆಗಾಲದಲ್ಲಿ ಅದಕ್ಕೆ ಬೇಕಾದ ಒಲೆ ಹೋದ ಮನೆಯಲ್ಲಿ ಇದ್ದೇ ಇರುತ್ತದೆ. ಮಾರಿ ಕಳೆಯುವ ಕ್ರಿಯೆಗೆ ಬೇಕಾದ ಅರಸಿನ, ಮಸಿ, ಉಪ್ಪು, ಹುಣಿಸೆ, ಮೆಣಸುಗಳನ್ನು ಕಳೆಂಜ ತರುವುದಿಲ್ಲ, ಮನೆಯವರೇ ಕೊಡುತ್ತಾರೆ. ಮನೆಗೆ ತಗುಲಿದ ಕೆಡುಕು ಮನೆಯ ವಸ್ತುವಿನ ಮೇಲೆ ಏರಿ ಹೊರಗೆ ಹೋಗಬೇಕೆಂಬ ತರ್ಕ ಇದರ ಹಿಂದಿದೆ. ಹೊರಗಿನಿಂದ ತಂದ ಉಪ್ಪು ಆ ಕೆಲಸಕ್ಕೆ ಬಾರದು. ಕಳೆಂಜನ ಹೊರೆ ಹಿಂತಿರುಗುವಾಗ ಹೆಚ್ಚಾಗುತ್ತದೆ, ಏಕೆಂದರೆ ಕೊಟ್ಟ ಅಕ್ಕಿ, ತೆಂಗಿನಕಾಯಿಗಳು ಅವನ ಸಂಭಾವನೆ, ಹಸಿವಿನ ತಿಂಗಳಲ್ಲಿ ಆ ಕುಟುಂಬದ ಊಟ.

ಭಂಡಾರ ಮತ್ತು ಅಣಿ

ಭೂತಾರಾಧನೆಯಲ್ಲಿ ಸಾಮಗ್ರಿಗಳು ಎರಡು ಬೇರೆ ದಾರಿಗಳಲ್ಲಿ ಬಂದು ನೇಮದ ಗದ್ದೆಯಲ್ಲಿ ಸೇರುತ್ತವೆ. ನೇಮವೆಂದರೆ ದೈವಕ್ಕೆ ವರ್ಷಕ್ಕೊಮ್ಮೆ ಅಥವಾ ಹರಕೆಯ ಪ್ರಕಾರ ನಡೆಯುವ ರಾತ್ರಿಯ ಆರಾಧನೆ. ಅದರಲ್ಲಿ ನಲಿಕೆ, ಪರವ ಅಥವಾ ಪಂಬದ ಸಮುದಾಯದ ನರ್ತಕ ದೈವದ ವೇಷ ಧರಿಸಿ ನುಡಿ ಕೊಡುತ್ತಾನೆ. ಒಂದು ದಾರಿ ದೈವದ ಸ್ವಂತ ಸೊತ್ತಿನದು. ಕಡ್ತಲೆ ಎಂಬ ಕತ್ತಿ, ಗಂಟೆ, ಚಾಮರ, ಲೋಹದ ಮುಖವಾಡವಾದ ಮೊಗ, ಬೆಳ್ಳಿಬಂಗಾರದ ಆಭರಣಗಳು ಇವೆಲ್ಲ ಸೇರಿ ಭಂಡಾರ ಎನಿಸಿಕೊಳ್ಳುತ್ತವೆ. ಅವು ವರ್ಷವಿಡೀ ಭಂಡಾರದ ಮನೆಯಲ್ಲಿದ್ದು, ನೇಮದ ದಿನ ದೀಟಿಗೆಯ ಬೆಳಕಿನಲ್ಲಿ, ವಾದ್ಯದೊಂದಿಗೆ ಮೆರವಣಿಗೆಯಲ್ಲಿ ನೇಮದ ಜಾಗಕ್ಕೆ ಬಂದು, ಮುಗಿದ ಮೇಲೆ ಅದೇ ಕ್ರಮದಲ್ಲಿ ಹಿಂತಿರುಗುತ್ತವೆ. ಯಾವುದನ್ನು ಯಾವ ಮನೆತನದವರು ಹಿಡಿಯಬೇಕು, ಯಾರ ಮುಂದೆ ಯಾರು ನಡೆಯಬೇಕು ಎಂಬುದು ಕಟ್ಟಳೆಯಿಂದ ಗೊತ್ತಾಗಿರುವುದರಿಂದ, ಭಂಡಾರ ಹೊರುವುದು ಸಾಗಾಟವೂ ಹೌದು, ಗೌರವದ ಹಂಚಿಕೆಯೂ ಹೌದು. ಅದರ ಕುರಿತ ತಕರಾರು ನೇಮವನ್ನೇ ನಿಲ್ಲಿಸಬಲ್ಲದು. ಆಡಳಿತದ ಕಣ್ಣಿನಿಂದ ನೋಡಿದರೆ ಇದು ಸೊತ್ತಿನ ಪಟ್ಟಿಯನ್ನು ವರ್ಷಕ್ಕೊಮ್ಮೆ ಊರಿನೆದುರು ಬಹಿರಂಗವಾಗಿ ಪರಿಶೀಲಿಸುವ ಏರ್ಪಾಡು.

ಇನ್ನೊಂದು ದಾರಿ ನರ್ತಕನ ಕುಟುಂಬದ್ದು. ಅವರು ತರುವುದು ಬಣ್ಣದ ಗಂಟು, ಉಡುಗೆಯ ಕೆಲವು ಭಾಗಗಳು, ತೆಂಬರೆ, ಮತ್ತು ಇವೆಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿರುವ ಪಾಡ್ದನ. ಪಾಡ್ದನವೆಂದರೆ ದೈವದ ಹುಟ್ಟು, ಸಂಚಾರ, ನೆಲೆಗಳನ್ನು ಹೇಳುವ ತುಳು ಕಥನಗೀತ. ನರ್ತಕ ಮುಖಕ್ಕೆ ಅರದಾಳ ಎಂಬ ಹಳದಿ ಬಣ್ಣ ಹಚ್ಚಿಕೊಳ್ಳುವಾಗ ಅವನ ಮನೆಯ ಹೆಂಗಸರು ತೆಂಬರೆ ಬಡಿಯುತ್ತ ಅದನ್ನು ಹಾಡುತ್ತಾರೆ. ದೈವಗಳ ಸಂಚಾರವನ್ನೇ ಹೇಳುವ ಈ ಹಾಡು ಯಾವ ಹೊರೆಯೂ ಇಲ್ಲದೆ ಸಾಗುವ ಸಾಮಗ್ರಿ. 19ನೇ ಶತಮಾನದಲ್ಲಿ ಎ. ಸಿ. ಬರ್ನೆಲ್ ಮೊದಲಾದವರು ಸಂಗ್ರಹಿಸಿದ ತುಳು ಪಾಡ್ದನಗಳು ಅಚ್ಚಾಗುವವರೆಗೆ, ಅದಕ್ಕೆ ಬಾಯಿಯಿಂದ ಬಾಯಿಗೆ ಹೋಗುವುದರ ಹೊರತು ಬೇರೆ ಪೆಟ್ಟಿಗೆ ಇರಲಿಲ್ಲ.

ನರ್ತಕನ ಬೆನ್ನ ಹಿಂದೆ ಪ್ರಭಾವಳಿಯಂತೆ ನಿಲ್ಲುವ ಅಣಿ, ಈ ಆರಾಧನೆಯಲ್ಲಿ ಕಣ್ಣಿಗೆ ಅತ್ಯಂತ ದೊಡ್ಡದಾಗಿ ಕಾಣುವ ವಸ್ತು. ಅದರ ಮುಖ್ಯ ಭಾಗ, ತೆಂಗಿನ ಎಳೆಗರಿ ಮತ್ತು ಅಡಿಕೆಯ ಹಾಳೆಯದು, ಹೊತ್ತು ತಂದುದಲ್ಲ. ಬಿದಿರು ಅಥವಾ ಅಡಿಕೆ ಮರದ ಸಲಾಕೆಯ ಚೌಕಟ್ಟಿಗೆ ಗರಿ, ಹಾಳೆಗಳನ್ನು ಜೋಡಿಸುವ ಕೆಲಸ ನೇಮದ ದಿನ ಅದೇ ಜಾಗದಲ್ಲಿ ನಡೆಯುತ್ತದೆ. ಅಷ್ಟು ಅಗಲದ ವಸ್ತುವನ್ನು ಗುಡ್ಡದ ಕಾಲುದಾರಿಯಲ್ಲಿ ಒಯ್ಯಲು ಆಗದು ಎಂಬುದು ಒಂದು ಕಾರಣ, ಬಾಡಿದ ಗರಿ ದೈವಕ್ಕೆ ಸಲ್ಲದು ಎಂಬುದು ಇನ್ನೊಂದು. ಗರಿ ಕಡಿದು ಕೊಡುವುದು ಊರಿನವರ ಪಾಲು, ಒಗೆದ ಮಡಿಬಟ್ಟೆ ಒದಗಿಸಿ ದೀಟಿಗೆ ಹಿಡಿಯುವುದು ಮಡಿವಾಳರ ಪಾಲು, ಗರಿಯನ್ನು ಕತ್ತರಿಸಿ ಹೆಣೆದು ರೂಪ ಕೊಡುವ ಕೈಚಳಕ ನರ್ತಕನ ಕುಟುಂಬದ್ದು. ವೇಷಕ್ಕೆ ಮೊದಲು ನರ್ತಕನಿಗೆ ಎಣ್ಣೆಯನ್ನೂ ವೀಳ್ಯವನ್ನೂ ಕೊಡುವ ಎಣ್ಣೆಬೂಳ್ಯ ಎಂಬ ವಿಧಿಯೂ ಇದೇ ಸಾಲಿಗೆ ಸೇರುತ್ತದೆ. ಹೀಗೆ ದೈವದ ಸೊತ್ತು, ನರ್ತಕನ ವಿದ್ಯೆ, ಊರಿನ ಸೊಪ್ಪುಗರಿ ಈ ಮೂರೂ ಬೇರೆ ಬೇರೆ ಕೈಗಳಲ್ಲಿ ಇರುವುದರಿಂದ ಯಾರೊಬ್ಬರೂ ತಾವಾಗಿ ನೇಮ ನಡೆಸಲಾರರು. ಆದರೆ ಈ ಅವಲಂಬನೆ ಸಮಾನತೆಯನ್ನು ತರಲಿಲ್ಲವೆಂಬುದನ್ನೂ ಹೇಳಬೇಕು. ರಾತ್ರಿ ದೈವವಾಗಿ ಯಜಮಾನನನ್ನೇ ಹೆಸರು ಹಿಡಿದು ಕರೆಯುವವನು ಹಗಲು ಅದೇ ಯಜಮಾನನ ಚಾವಡಿಯ ಹೊರಗೆ ನಿಲ್ಲಬೇಕಾಗಿದ್ದ ವ್ಯವಸ್ಥೆಯೊಳಗೇ ಈ ಹಂಚಿಕೆ ನಡೆಯುತ್ತಿತ್ತು.

ಮೇಳದ ಪೆಟ್ಟಿಗೆ

ಸಾಗಾಟವೇ ಒಂದು ಕಸುಬಾಗಿ ಬೆಳೆದದ್ದು ಯಕ್ಷಗಾನ ಮೇಳಗಳಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯನ್ನೂ ಹಳೆಯ ಮೇಳಗಳಲ್ಲಿ ಒಂದಾದ ಕೂಡ್ಲು ಮೇಳದ ನೆಲೆಯನ್ನೂ ಒಳಗೊಂಡ ಕಾಸರಗೋಡು ಪ್ರದೇಶ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ತವರಾದ್ದರಿಂದ, ಕನ್ಯಾನ, ವಿಟ್ಲ, ಬಾಯಾರುಗಳು ಮೇಳಗಳ ಹಾದಿಯಲ್ಲೇ ಇದ್ದ ಊರುಗಳು. ವೇಷಧಾರಿ ಅಳಿಕೆ ರಾಮಯ್ಯ ರೈಗಳ ಅಳಿಕೆ ಇಲ್ಲಿಗೆ ನೆರೆಯ ಗ್ರಾಮ. ದೇವಸ್ಥಾನದ ಹೆಸರಿನಲ್ಲಿ ಹೊರಡುವ ಮೇಳ ದೀಪಾವಳಿಯ ನಂತರದ ದಿನಗಳಲ್ಲಿ ಗೆಜ್ಜೆ ಕಟ್ಟಿ, ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತದೆ. ಈ ನಡುವಿನ ಸಂಚಾರಕ್ಕೆ ತಿರುಗಾಟ ಎಂದು ಹೆಸರು. ಇದರ ಕಾಲಮಾನವೂ ಹೊರೆಯ ಲೆಕ್ಕಕ್ಕೆ ಹೊಂದುವಂಥದೇ. ಎಣೆಲು ಎಂಬ ಮೊದಲ ಬೆಳೆಯ ಕೊಯ್ಲು ಮುಗಿದ ಮೇಲೆ, ಮಳೆಯನ್ನಷ್ಟೇ ನಂಬಿದ ಬೆಟ್ಟುಗದ್ದೆಗಳು ಮುಂದಿನ ಮುಂಗಾರಿನವರೆಗೆ ಖಾಲಿ ಬಿದ್ದು ಆಟದ ಬಯಲಾಗುತ್ತವೆ; ತೋಡುಗಳ ನೀರು ಇಳಿದು ತಲೆಹೊರೆಯವರಿಗೆ ದಾರಿ ತೆರೆಯುತ್ತದೆ; ಮರ, ಬಟ್ಟೆ, ಚರ್ಮಗಳಿಗೆ ಶತ್ರುವಾದ ತೇವ ಕಡಿಮೆಯಾಗುತ್ತದೆ.

ವಾಹನಗಳಿಲ್ಲದ ಕಾಲದಲ್ಲಿ ಮೇಳವೆಂದರೆ ಹಗಲಿನಲ್ಲಿ ನಡೆಯುವ ಒಂದು ತಂಡ. ಕಲಾವಿದರು ತಮ್ಮ ಸ್ವಂತ ಗಂಟು ಹಿಡಿದು ಕಾಲ್ನಡಿಗೆಯಲ್ಲಿ ಹೋದರೆ, ಮೇಳದ ಸೊತ್ತು ಪೆಟ್ಟಿಗೆಗಳಲ್ಲಿ ಆಳುಗಳ ತಲೆಯ ಮೇಲೆ ಸಾಗುತ್ತಿತ್ತು. ಈ ಮಿತಿಯಿಂದಾಗಿಯೇ ವೇಷದ ಆಭರಣಗಳು ನೋಟಕ್ಕೆ ಭಾರವಾಗಿ, ತೂಕಕ್ಕೆ ಹಗುರವಾಗಿ ರೂಪುಗೊಂಡವು. ಕಿರೀಟ, ಭುಜಕೀರ್ತಿ, ಎದೆಪದಕ, ಕೈಕಟ್ಟು, ಕರ್ಣಪತ್ರಗಳನ್ನು ಹಗುರ ಜಾತಿಯ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಎಂಬ ಹೊಳೆಯುವ ತಗಡನ್ನು ಅಂಟಿಸಿ, ಕನ್ನಡಿ ಚೂರುಗಳನ್ನು ಕೂರಿಸುತ್ತಿದ್ದರು. ರಾತ್ರಿಯಿಡೀ ಕುಣಿಯುವವನ ಮೈಗೂ ಮರುದಿನ ಹೊರುವವನ ತಲೆಗೂ ಈ ಹಗುರತನ ಸಮಾನವಾಗಿ ಬೇಕಾಗಿತ್ತು. ಹಾಗೆಯೇ ವೇಷವು ಇಡಿಯಾದ ಅಂಗಿಯಾಗಿರದೆ, ದಗಲೆ, ಬಾಲ್ಮುಂಡು, ವೀರಗಾಸೆ, ಕಾಲುಚೀಲ ಎಂಬ ಬಿಡಿ ತುಂಡುಗಳಾಗಿದ್ದು, ಹುರಿ ಮತ್ತು ಲಾಡಿಗಳಿಂದ ಮೈಮೇಲೆ ಕಟ್ಟುವಂಥದಾದ್ದರಿಂದ, ಬಿಚ್ಚಿದಾಗ ಚಪ್ಪಟೆಯಾಗಿ ಪೆಟ್ಟಿಗೆಯಲ್ಲಿ ಕೂರುತ್ತದೆ, ಮತ್ತು ಒಂದೇ ತುಂಡು ಬೇರೆ ಬೇರೆ ರಾತ್ರಿ ಬೇರೆ ಬೇರೆ ವೇಷಕ್ಕೆ ಒದಗುತ್ತದೆ.

ಪೆಟ್ಟಿಗೆ ತುಂಬುವ ಕ್ರಮವನ್ನು ಆಟದ ಕ್ರಮವೇ ನಿರ್ಧರಿಸುತ್ತದೆ. ಸಂಜೆ ಮೊದಲು ಹೊರಬರಬೇಕಾದುದು ದೇವರ ಪೆಟ್ಟಿಗೆ. ಬಣ್ಣದ ಮನೆಯಾದ ಚೌಕಿಯ ಒಂದು ತುದಿಯಲ್ಲಿ ಮೇಳದ ದೇವರನ್ನಿಟ್ಟು ಪೂಜೆಯಾಗದೆ ಯಾವ ವೇಷವೂ ರಂಗಸ್ಥಳಕ್ಕೆ ಹೋಗದು. ಅದರೊಂದಿಗೆ ಚೆಂಡೆ, ಮದ್ದಳೆ, ಜಾಗಟೆಗಳು ಸಿದ್ಧವಾಗಬೇಕು, ಏಕೆಂದರೆ ಆಟವಿದೆಯೆಂದು ಸುತ್ತಲಿನ ಗುಡ್ಡಗಳಿಗೆ ಸಾರುವ ಕೇಳಿ ಬಡಿಯುವುದು ಅವುಗಳಿಂದಲೇ. ಬಳಿಕ ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಉಡುಗೆ ಬೇಕಾಗುತ್ತದೆ. ರಾಕ್ಷಸ ಪಾತ್ರವಾದ ಬಣ್ಣದ ವೇಷದ ಲೆಕ್ಕವೇ ಬೇರೆ. ಅದು ರಂಗಕ್ಕೆ ಬರುವುದು ರಾತ್ರಿ ಸಾಕಷ್ಟು ಕಳೆದ ಮೇಲಾದರೂ, ಅಕ್ಕಿಹಿಟ್ಟು ಮತ್ತು ಸುಣ್ಣದ ಕಲಸನ್ನು ಮುಳ್ಳುಮುಳ್ಳಾಗಿ ಮುಖದ ಮೇಲೆ ಇಡುವ ಚಿಟ್ಟಿಗೆ ಗಂಟೆಗಟ್ಟಲೆ ಹಿಡಿಯುವುದರಿಂದ, ಅದರ ಬಣ್ಣದ ಸಾಮಗ್ರಿ ಮೊದಲಿಗೂ, ತಲೆಯ ದೊಡ್ಡ ಕೇಸರಿತಟ್ಟೆ ಕೊನೆಗೂ ಸಿಗುವಂತಿರಬೇಕು. ಚೌಕಿಯಲ್ಲಿ ಯಾವ ವೇಷದವರು ದೇವರಿಂದ ಎಷ್ಟು ದೂರದಲ್ಲಿ, ಯಾವ ಬದಿಯಲ್ಲಿ ಕೂರಬೇಕೆಂಬುದು ಕಟ್ಟುನಿಟ್ಟಾಗಿ ಗೊತ್ತಾಗಿರುವುದನ್ನು ಸಾಮಾನ್ಯವಾಗಿ ಹಿರಿತನದ ಗೌರವವೆಂದು ವಿವರಿಸುವುದುಂಟು. ಅದು ಸರಿಯೇ; ಆದರೆ ಪ್ರತಿದಿನ ಹೊಸ ಊರಿನಲ್ಲಿ, ಹಿಂದೆ ದೊಂದಿಯ, ಮುಂದೆ ಗ್ಯಾಸ್‌ಲೈಟಿನ ಮಬ್ಬು ಬೆಳಕಿನಲ್ಲಿ, ಯಾವ ಪೆಟ್ಟಿಗೆ ಎಲ್ಲಿ ಇಳಿಯಬೇಕು, ಯಾರ ಗೆಜ್ಜೆ ಎಲ್ಲಿದೆ ಎಂದು ಕೇಳದೆಯೇ ತಿಳಿಯುವಂತೆ ಮಾಡುವುದೂ ಇದೇ ಕ್ರಮ. ಊರು ಬದಲಾದರೂ ಚೌಕಿ ಬದಲಾಗದು.

ಈ ಕೆಲಸ ನಡೆಸುವವರನ್ನು ಪೆಟ್ಟಿಗೆಯವರು ಎನ್ನುತ್ತಾರೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಕಲಾವಿದರು ಬಣ್ಣ ತೆಗೆದು ಮಲಗಲು ಹೋದರೆ, ಇವರು ಬೆವರಿನಿಂದ ಒದ್ದೆಯಾದ ಬಟ್ಟೆಗಳನ್ನು ಬಿಸಿಲಿಗೆ ಹರಡಿ, ಕಿತ್ತ ಹುರಿ ಹೊಲಿದು, ಎದ್ದ ಬೇಗಡೆ ಅಂಟಿಸಿ, ತುಂಡುಗಳನ್ನು ಜೋಡಿಸಿ ಮುಂದಿನ ಊರಿಗೆ ಹೊರಡಬೇಕು. ಸಂಜೆ ವೇಷ ಕಟ್ಟುವುದಕ್ಕೂ ಇವರ ಕೈ ಬೇಕು. ಕಿರೀಟ ಎಷ್ಟು ಬಿಗಿದರೆ ನಿಲ್ಲುತ್ತದೆ, ಎಷ್ಟು ಬಿಗಿದರೆ ತಲೆ ಸಿಡಿಯುತ್ತದೆ ಎಂಬ ಅಳತೆ ಇವರ ಬೆರಳಿನಲ್ಲಿದೆ. ಯಕ್ಷಗಾನದ ಅಧ್ಯಯನಕ್ಕೆ ಬುನಾದಿ ಹಾಕಿದ, 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ದಿಂದ ಮೊದಲುಗೊಂಡು ಹಾಡುಗಾರರಾದ ಭಾಗವತರ, ವೇಷಧಾರಿಗಳ ಹೆಸರುಗಳು ಚರಿತ್ರೆಗೆ ಸೇರಿವೆ, ಆದರೆ ಪೆಟ್ಟಿಗೆಯವರು ನೇಪಥ್ಯ ಕಲಾವಿದರೆಂದು ಗುರುತಿಸಿಕೊಂಡು ಸನ್ಮಾನದ ವೇದಿಕೆ ಏರತೊಡಗಿದ್ದು ಬಹಳ ತಡವಾಗಿ.

ಆಟ ಆಡಿಸುವ ಮನೆಯವರ ಪಾಲು ಕಡಿಮೆಯದಾಗಿರಲಿಲ್ಲ. ವೀಳ್ಯ ಕೊಟ್ಟು ದಿನ ಗೊತ್ತು ಮಾಡಿಕೊಂಡ ಬಳಿಕ, ಗದ್ದೆ ಹದ ಮಾಡುವುದು, ರಂಗಸ್ಥಳಕ್ಕೆ ನಾಲ್ಕು ಕಂಬ ನೆಟ್ಟು ಮಾವಿನ ಸೊಪ್ಪು ಕಟ್ಟುವುದು, ಚೌಕಿಗೆ ಮಡಲಿನ ಮರೆ ಮಾಡುವುದು, ಚಾಪೆ, ಎಣ್ಣೆ, ಸ್ನಾನದ ಬಿಸಿನೀರು, ಇಡೀ ಮೇಳಕ್ಕೆ ಊಟ ಎಲ್ಲವೂ ಅವರದೇ. ರಥವೆಂದು ಕರೆಯುವ ರಂಗದ ಪೀಠ ಒಂದರ ಹೊರತು ಈ ಆಟಕ್ಕೆ ಸಜ್ಜಿಕೆಯೇ ಬೇಡ. ಕಾಡು, ಅರಮನೆ, ಯುದ್ಧಭೂಮಿಗಳು ಭಾಗವತನ ಪದ್ಯದಲ್ಲಿ ಸಾಗುತ್ತಿದ್ದವು. ರೋಗ ಗುಣವಾದರೆ ಆಟ ಆಡಿಸುತ್ತೇನೆ ಎಂದು ಹರಕೆ ಹೊತ್ತ ಮನೆಗೆ ಆ ಹರಕೆ ತೀರುವುದು ಹಣ ಕೊಟ್ಟಲ್ಲಿಗಲ್ಲ, ಕಂಬ ನೆಟ್ಟು, ಸೊಪ್ಪು ತಂದು, ಅನ್ನ ಬಡಿಸಿ ರಾತ್ರಿ ಕಳೆದಲ್ಲಿಗೆ.

ರೈಲು, ಲಾರಿ, ಡೇರೆ

ಮಂಗಳೂರಿಗೆ 1907ರಲ್ಲಿ ದಕ್ಷಿಣದಿಂದ ರೈಲು ಬಂತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮಂಗಳೂರು ಮತ್ತು ಬಂಟ್ವಾಳದ ನಡುವೆ ಮೋಟಾರು ಬಸ್ಸು ಓಡಿಸತೊಡಗಿತು. ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಬ್ರಿಟಿಷರ ಕಾಲದಲ್ಲಿ ಸೇತುವೆಯಾದ ಮೇಲೆ ಕಡವಿನ ದೋಣಿಯನ್ನು ಕಾಯುವುದು ತಪ್ಪಿತು. ಆದರೆ ಈ ಸೌಕರ್ಯಗಳು ಮುಖ್ಯರಸ್ತೆಯವು. ವಿಟ್ಲದಿಂದ ಒಳಗಿನ ಕನ್ಯಾನದಂತಹ ಊರಿಗೆ ತಲುಪುವ ಕೊನೆಯ ಹರದಾರಿಯನ್ನು ಪೆಟ್ಟಿಗೆಗಳು ತಲೆಯ ಮೇಲೆಯೇ ಕ್ರಮಿಸುತ್ತಿದ್ದವು. ಸಿಂಬೆಯ ಮೇಲೆ ಹೊರೆ ಹೊತ್ತು ಬರುವವರು ಅದನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ ದಣಿವಾರಿಸಿಕೊಳ್ಳಲೆಂದು ದಾರಿಬದಿಯಲ್ಲಿ ಕಟ್ಟೆಗಳನ್ನು ಕಟ್ಟಿಸುವುದು ಆ ಕಾಲದ ಪುಣ್ಯಕಾರ್ಯಗಳಲ್ಲಿ ಒಂದಾಗಿತ್ತು.

20ನೇ ಶತಮಾನದ ನಡುಭಾಗದಲ್ಲಿ ಲಾರಿ ಮೇಳಗಳ ಕೈಗೆಟುಕಿದಾಗ ಬದಲಾದದ್ದು ವೇಗವೊಂದೇ ಅಲ್ಲ. ಕಲ್ಲಾಡಿ ಕೊರಗ ಶೆಟ್ಟಿ, ಕಲ್ಲಾಡಿ ವಿಠಲ ಶೆಟ್ಟಿ ಮೊದಲಾದ ಸಂಚಾಲಕರು ಕಟ್ಟಿ ಬೆಳೆಸಿದ ಡೇರೆ ಮೇಳಗಳು, ಸುತ್ತುಗೋಡೆಯ ಬಟ್ಟೆ, ಕಂಬ, ಕುರ್ಚಿ, ದೀಪ, ಧ್ವನಿವರ್ಧಕ ಹೀಗೆ ಒಂದು ರಂಗಮಂದಿರವನ್ನೇ ಲಾರಿಗೆ ಹೇರಿಕೊಂಡು ಊರೂರಿಗೆ ಬಂದು, ಟಿಕೇಟು ಇಟ್ಟು ಆಟವಾಡಿದವು. ಮೊದಲು ಮನೆಯವರು ಕೊಡುತ್ತಿದ್ದುದನ್ನೆಲ್ಲ ಮೇಳವೇ ಹೊತ್ತು ತಂದಾಗ, ಆಡಿಸುವವನ ಜಾಗ ಖಾಲಿಯಾಗಿ ಪ್ರೇಕ್ಷಕನೊಬ್ಬನೇ ಉಳಿದ. ಅದರಿಂದ ಲಾಭವೂ ಆಯಿತು: ಆಟ ಆಡಿಸುವ ಶಕ್ತಿಯಿಲ್ಲದವರೂ ಟಿಕೇಟು ಕೊಂಡು ಕೂರಬಹುದಾಯಿತು, ತುಳು ಪ್ರಸಂಗಗಳು ಜನಪ್ರಿಯವಾದವು, ಮೇಳದ ಆದಾಯ ಜಮೀನುದಾರರ ಕೃಪೆಯಿಂದ ಬಿಡಿಸಿಕೊಂಡಿತು. ಆದರೆ ಡೇರೆಯ ಆಟವನ್ನು ಹರಕೆಯೆಂದು ಯಾರೂ ಕರೆಯಲಿಲ್ಲ. ಧ್ವನಿವರ್ಧಕ ಬಂದ ಮೇಲೆ, ಬಲಿಪ ಪರಂಪರೆಯ ಭಾಗವತರಂತೆ ಏರುಶ್ರುತಿಯಲ್ಲಿ ಬಯಲನ್ನು ತುಂಬಬಲ್ಲ ಕಂಠದ ಅನಿವಾರ್ಯತೆಯೂ ಕಡಿಮೆಯಾಯಿತು. ಹಿಂದೆ ಗಂಟಲು ಹೊರುತ್ತಿದ್ದ ಹೊರೆಯ ಒಂದು ಪಾಲು ಲಾರಿಗೆ ಹೋಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ಕನ್ಯಾನದ ಪಕ್ಕದಲ್ಲೇ ರಾಜ್ಯದ ಗಡಿ ಹಾದುಹೋಯಿತು. ಅದಕ್ಕೂ ಮೊದಲು ಎರಡೂ ಬದಿಗಳು ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದವು. ಆಡಳಿತ ಎರಡಾದರೂ ತಿರುಗಾಟ ಎರಡಾಗಲಿಲ್ಲ. ಕನ್ನಡ ಮೇಳಗಳು ಬಾಯಾರು, ಪೈವಳಿಕೆ, ಕುಂಬಳೆಗಳಲ್ಲಿ ಆಡುವುದನ್ನು ಬಿಡಲಿಲ್ಲ, ಕಾಸರಗೋಡಿನ ಕಲಾವಿದರು ಕರ್ನಾಟಕದ ಮೇಳಗಳನ್ನು ಬಿಡಲಿಲ್ಲ. ಶಾಲೆ, ಕಚೇರಿಗಳ ಕನ್ನಡ ಕುಗ್ಗುತ್ತ ಬಂದ ಗಡಿಯಾಚೆಯ ಹಳ್ಳಿಗಳಲ್ಲಿ, ರಾತ್ರಿಯಿಡೀ ಕನ್ನಡದಲ್ಲಿ ವಾದಿಸುವ ದೇವದಾನವರನ್ನು ಹೊತ್ತು ತರುವ ಮೇಳದ ಲಾರಿ ಭಾಷೆಯ ಸಾಗಾಟವನ್ನೂ ನಡೆಸಿತು.

ಹೊರೆಯ ಪಾಲು

ದೂರದರ್ಶನ ಮತ್ತು ವಿಡಿಯೊಗಳ ಕಾಲದಲ್ಲಿ ಡೇರೆ ಮೇಳಗಳು ಒಂದೊಂದಾಗಿ ಸೊರಗಿದಾಗ, ಹರಕೆಯ ಬಯಲಾಟದ ಮೇಳಗಳು ಮಾತ್ರ ಬೆಳೆದವು. ಕಟೀಲಿನ ಮೇಳ ಒಂದರಿಂದ ಆರಕ್ಕೆ ಏರಿಯೂ, ಆಟ ಹೇಳಿದ ಮನೆಯವರು ಸರದಿಗಾಗಿ ಹಲವು ವರ್ಷ ಕಾಯಬೇಕಾದ ಸ್ಥಿತಿ ಬಂತು. ಮಳೆಗಾಲದಲ್ಲಿ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಭಾಗವತ, ಚೆಂಡೆ, ಮದ್ದಳೆ ಮತ್ತು ಇಬ್ಬರು ವೇಷಧಾರಿಗಳ ಚಿಕ್ಕಮೇಳಗಳು ಸಂಜೆ ಮನೆಮನೆಗೆ ಹೋಗುವುದೂ ಹೆಚ್ಚಿತು. ಈ ಪುಟ್ಟ ತಂಡ ತರುವುದು ವಾದ್ಯ, ಮೈಮೇಲಿನ ವೇಷ ಇಷ್ಟೇ. ದೀಪ, ಅಕ್ಕಿ, ತೆಂಗಿನಕಾಯಿ, ವೀಳ್ಯಗಳನ್ನು ಮನೆಯವರು ಚಾವಡಿಯಲ್ಲಿ ಇಟ್ಟಿರುತ್ತಾರೆ. ಗೆಜ್ಜೆಯ ಸದ್ದಿಗೆ ಮನೆಯ ಕೆಡುಕು ತೊಲಗುತ್ತದೆ ಎಂಬ ನಂಬಿಕೆಯಲ್ಲಿಯೂ, ಸಾಮಗ್ರಿಯ ಹಂಚಿಕೆಯಲ್ಲಿಯೂ, ಅದು ದೊಡ್ಡ ಮೇಳಕ್ಕಿಂತ ಆಟಿ ಕಳೆಂಜನಿಗೆ ಹತ್ತಿರವಾದುದು.

ಹರಕೆಯ ಆಟಗಳಲ್ಲಿಯೂ ಪಾಲುಗಳು ಈಗ ಹಿಂದಿನಂತಿಲ್ಲ. ರಂಗಸ್ಥಳ, ದೀಪ, ಧ್ವನಿವರ್ಧಕಗಳು ಬಹುಮಟ್ಟಿಗೆ ಲಾರಿಯಲ್ಲೇ ಬರುತ್ತವೆ, ಅಡುಗೆ ಗುತ್ತಿಗೆಯವರ ಕೈಗೆ ಹೋಗಿದೆ, ಮಾವಿನ ಸೊಪ್ಪಿನ ಜಾಗಕ್ಕೆ ಕೃತಕ ಹೂಗಳು ಬಂದಿವೆ, ಕಾಲಮಿತಿಯ ಪ್ರಯೋಗಗಳು ಇಡೀ ರಾತ್ರಿಯ ಜಾಗರಣೆಯನ್ನು ಕುಗ್ಗಿಸಿವೆ. ಆದರೂ ಮೇಳದ ದೇವರನ್ನು ಬರಮಾಡಿಕೊಳ್ಳುವುದು, ಚೌಕಿ ಪೂಜೆಗೆ ನಿಲ್ಲುವುದು, ಬಂದವರಿಗೆಲ್ಲ ಬಡಿಸುವುದು ಎಂಬ ಕೆಲವನ್ನು ಮನೆಯವರು ಬಿಟ್ಟುಕೊಟ್ಟಿಲ್ಲ. ಇವನ್ನೂ ಹೊರಗಿನಿಂದ ತರಿಸಿದರೆ ಹರಕೆ ತೀರಿತೆಂದು ಅವರಿಗೇ ಅನಿಸದು. ಲಾರಿಗೆ ಹೇರಬಲ್ಲದ್ದನ್ನೆಲ್ಲ ಹೇರಿದ ಡೇರೆ ಮೇಳಗಳಿಗಿಂತ, ಅರ್ಧವನ್ನು ಮನೆಯವರಿಗೆ ಬಿಟ್ಟ ಮೇಳಗಳೇ ಉಳಿದುಕೊಂಡವು. ದೇವಿಯ ಮೇಲಣ ಭಕ್ತಿ ಇದಕ್ಕೆ ಮೊದಲ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಭಕ್ತಿಗೆ ಮಾಡಲು ಕೆಲಸ ಒದಗಿಸಿದ್ದು ಹಳೆಯ ತಲೆಹೊರೆಯ ಕಾಲದ ವಿಂಗಡಣೆ. ಕಾಯಿಲೆಯವರ ಬಳಿಗೆ ಹಾಡನ್ನೊಯ್ಯುವ ಯಾವ ಹೊಸ ವೃತ್ತಿಗಾದರೂ, ಚೀಲದಲ್ಲಿ ಏನನ್ನು ತುಂಬಬೇಕೆಂಬುದರಷ್ಟೇ ಏನನ್ನು ಆ ಮನೆಗೇ ಬಿಡಬೇಕೆಂಬುದೂ ನಿರ್ಧರಿಸಬೇಕಾದ ವಿಷಯವೆಂದು ಈ ಚರಿತ್ರೆ ತೋರಿಸುತ್ತದೆ.